ಬದಲಿ ಪ್ರಶ್ನೆ ಸಾಕು, ಚಿತ್ರ ಕೊಡಿ

1/10

ಫೋಟೋದಲ್ಲಿ: ಹಳೇ ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನ ಪ್ರಶ್ನೆ ಪತ್ರಿಕೆ. ನಕ್ಷೆ ಪ್ರಶ್ನೆಗೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದೆ.

ನಕ್ಷೆ ಪ್ರಶ್ನೆ ನೆನಪಿದೆ ತಾನೆ? ಭಾರತದ ನಕ್ಷೆ ಬರೆದು ಒಂದು ನದಿ, ಒಂದು ಅಣೆಕಟ್ಟು, ಒಂದು ಬಂದರು ಗುರುತಿಸಿ ಅಂತ. ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿ, "ಕಣ್ಣು ಮುಚ್ಕೊಂಡೇ ಬರೀತೀನಿ" ಅಂತ ಜಂಬ ಕೊಚ್ಚಿಕೊಳ್ತಿದ್ವಲ್ಲ, ಅದೇ.

ಹಳೇ ಪತ್ರಿಕೆ ಸಿಕ್ಕಿದ್ರೆ ಇನ್ನೊಂದು ಸಲ ತೆಗೆದು ನೋಡಿ. ಅದೇ ಪ್ರಶ್ನೆಯ ಹತ್ತಿರ ಇನ್ನೊಂದು ಪ್ರಶ್ನೆ ಇರುತ್ತೆ. ಅಂಧ ವಿದ್ಯಾರ್ಥಿಗಳಿಗೆ ಮಾತ್ರ, ನಕ್ಷೆಗೆ ಬದಲಾಗಿ ಇದನ್ನ ಬರೆಯಿರಿ ಅಂತ. ಸೆಕೆಂಡ್ ಪಿಯುಸಿ ಹಿಸ್ಟರಿ ನಕ್ಷೆಗೂ ಇದೇ ವ್ಯವಸ್ಥೆ.

ಓದಿದ ತಕ್ಷಣ "ಪರವಾಗಿಲ್ವೇ, ಅವರ ಬಗ್ಗೆನೂ ಯೋಚನೆ ಮಾಡಿದ್ದಾರೆ" ಅನಿಸುತ್ತೆ. ನಿಜ, ಮಾಡಿದ್ದಾರೆ. ಆದ್ರೆ ಏನು ಯೋಚನೆ ಮಾಡಿದ್ದಾರೆ ಅಂತ ಒಂಚೂರು ನಿಧಾನವಾಗಿ ನೋಡಿ. ಆ ಹುಡುಗಿ ಹತ್ತು ವರ್ಷ ಸ್ಕೂಲಲ್ಲಿ ಕೂತಿದ್ಲು. ಪಾಠದಲ್ಲಿ ನಕ್ಷೆ ಬಂತು, ಎಲೆಯ ಅಡ್ಡಸೀಳಿಕೆ ಬಂತು, ಹೃದಯದ ಚಿತ್ರ ಬಂತು, ತ್ರಿಭುಜ ಬಂತು. ಪ್ರತಿ ಸಲವೂ ಮೇಷ್ಟ್ರು "ಚಿತ್ರ ನೋಡಿ" ಅಂದ್ರು, ಕ್ಲಾಸ್ ನೋಡ್ತು. ಅವಳ ಕೈಗೆ ಏನೂ ಬರಲಿಲ್ಲ. ಕೊನೆಗೆ ಪರೀಕ್ಷೆ ದಿನ "ನಿನಗೆ ನಕ್ಷೆ ಬೇಡಮ್ಮ, ಇದನ್ನ ಬರಿ" ಅಂದ್ವಿ.

ಆ ಬದಲಿ ಪ್ರಶ್ನೆ ಹತ್ತು ವರ್ಷ ನಕ್ಷೆ ಕೊಡದೇ ಇದ್ದಿದ್ದಕ್ಕೆ ಕೊಡೋ ರಸೀದಿ.

ಈ ಸರಣಿಯಲ್ಲಿ ನಾನು ವಾದ ಮಾಡೋದು ಒಂದೇ ವಿಷಯ. ಕಣ್ಣು ಕಾಣದವರನ್ನ ಚಿತ್ರದಿಂದ ಮಾಫಿ ಮಾಡೋದು ದಯೆ ಅಲ್ಲ, ಅವರ ಪಾಲಿನ ಪಾಠ ಕಿತ್ಕೊಳ್ಳೋದು. ಅಚ್ಚಾದ ಚಿತ್ರವನ್ನ ಬೆರಳಿಗೆ ಸಿಗೋ ಹಾಗೆ ಮಾಡೋಕೆ ದಾರಿ ಇದೆ. ಹೊಸದೂ ಅಲ್ಲ, ಅಂಥ ದುಬಾರಿನೂ ಅಲ್ಲ. ಹತ್ತು ಪೋಸ್ಟ್ ಇದೆ, ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ. ಎಮೋಜಿ ಬೇಕಂತಲೇ ಹಾಕಿಲ್ಲ, ಸ್ಕ್ರೀನ್ ರೀಡರ್ ಒಂದೊಂದನ್ನೂ ಗಟ್ಟಿಯಾಗಿ ಓದುತ್ತೆ.

2/10

ಫೋಟೋದಲ್ಲಿ: ಬಿಳಿ ಹಾಳೆಯ ಮೇಲೆ ಒಣಗಿದ ಅಂಟಿನ ಗೆರೆಗಳಲ್ಲಿ ಬರೆದ ಒಂದು ಎಲೆ. ಪಕ್ಕದಿಂದ ಬೆಳಕು ಬಿದ್ದು ಗೆರೆಗಳ ನೆರಳು ಕಾಣ್ತಿದೆ.

"ಬ್ರೈಲ್ ಇದೆಯಲ್ಲ?" ಅಂತ ಕೇಳ್ತೀರ. ಇದೆ. ಲೂಯಿ ಬ್ರೈಲ್ ಅನ್ನೋ ಫ್ರೆಂಚ್ ಹುಡುಗ 1824ರಲ್ಲಿ, 15ನೇ ವಯಸ್ಸಿಗೆ ಆರು ಚುಕ್ಕೆಯ ಲಿಪಿ ಕಟ್ಟಿದ. ನಮ್ಮ ದೇಶದ ಭಾಷೆಗಳಿಗೆ 1951ರಲ್ಲಿ ಭಾರತಿ ಬ್ರೈಲ್ ಬಂತು, ಕನ್ನಡವೂ ಅದರಲ್ಲೇ ಇದೆ. ಚುಕ್ಕೆಯಿಂದ ಚುಕ್ಕೆಗೆ ಸುಮಾರು 2.5 ಮಿಲಿಮೀಟರ್, ಎತ್ತರ ಸುಮಾರು ಅರ್ಧ ಮಿಲಿಮೀಟರ್. ಒಂದು ಅಕ್ಷರ ಒಂದು ಬೆರಳ ತುದಿಯ ಕೆಳಗೆ ಕೂರುತ್ತೆ.

ಅದು ಅಕ್ಷರದ ಕತೆ. ಪುಸ್ತಕ ಬ್ರೈಲ್‌ಗೆ ಹೋದಾಗ ಚಿತ್ರದ ಜಾಗದಲ್ಲಿ ಎಷ್ಟೋ ಸಲ ಒಂದು ಸಾಲು ಉಳಿಯುತ್ತೆ, ಇಲ್ಲಾಂದ್ರೆ ಏನೂ ಉಳಿಯಲ್ಲ. ಚಿತ್ರಕ್ಕೆ ಬೇರೆಯದೇ ಕೆಲಸ ಬೇಕು.

ಆ ಕೆಲಸಕ್ಕೆ ಮೂರು ದಾರಿ ಇದೆ. ಒಂದು, ಉಬ್ಬುವ ಕಾಗದ. ಅದರ ಮೇಲೆ ಕಪ್ಪು ಗೆರೆಯಲ್ಲಿ ಚಿತ್ರ ಅಚ್ಚು ಹಾಕಿ ಹೀಟರ್ ಮೂಲಕ ತೂರಿಸ್ತಾರೆ. ಕಪ್ಪು ಬಿಸಿಯನ್ನ ಜಾಸ್ತಿ ಹೀರುತ್ತೆ, ಆ ಗೆರೆ ಇರೋ ಕಡೆ ಮಾತ್ರ ಕಾಗದ ಉಬ್ಬುತ್ತೆ. ಎರಡು, ಅಚ್ಚು. ದಾರ, ರಟ್ಟು, ಬಟ್ಟೆ ಅಂಟಿಸಿ ಒಂದು ಮೂಲ ಚಿತ್ರ ಮಾಡ್ತಾರೆ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಬಿಸಿ ಮಾಡಿ ಗಾಳಿ ಎಳೆದ್ರೆ ಹಾಳೆ ಆ ಆಕಾರ ಹಿಡಿಯುತ್ತೆ. ಒಂದು ಮೂಲದಿಂದ ಬೇಕಾದಷ್ಟು ಪ್ರತಿ. ಮೂರು, ಕೈಕೆಲಸ. ಅದನ್ನ ಹತ್ತನೇ ಪೋಸ್ಟಲ್ಲಿ ಹೇಳ್ತೀನಿ.

ಒಂದು ಮಾತು ಮಾತ್ರ ತಲೇಲಿಟ್ಕೊಳ್ಳಿ. ಪುಸ್ತಕದ ಚಿತ್ರವನ್ನ ಹಾಗೇ ಉಬ್ಬಿಸಿದ್ರೆ ಬೆರಳಿಗೆ ಅದು ಕಲಸುಮೇಲೋಗರ. ಕಣ್ಣು ಒಂದೇ ನೋಟಕ್ಕೆ ಇಡೀ ಪುಟ ಹಿಡಿಯುತ್ತೆ, ಬೆರಳು ಒಂದೊಂದೇ ಗೆರೆ ಹಿಡ್ಕೊಂಡು ನಡೆಯುತ್ತೆ. ಅಲಂಕಾರ ತೆಗೀಬೇಕು, ನೆರಳು ತೆಗೀಬೇಕು, ಗೆರೆಗಳ ಮಧ್ಯೆ ಜಾಗ ಬಿಡಬೇಕು. ಪಾಠಕ್ಕೆ ಬೇಕಾದ್ದು ಯಾವುದು ಅಂತ ಮೊದಲು ತಲೆ ಓಡಿಸಬೇಕು. ಖರ್ಚಿಗಿಂತ ಜಾಸ್ತಿ ಬೇಕಾಗಿರೋದು ಆ ತಲೆ.

3/10

ಫೋಟೋದಲ್ಲಿ: 100, 200, 500ರ ನೋಟು ಒಂದರ ಕೆಳಗೊಂದು. 500ರ ನೋಟಿನ ಬಲತುದಿಯ ಗೆರೆಗಳ ಮೇಲೆ ಒಂದು ಬೆರಳು.

ಸರ್ಕಾರಕ್ಕೆ ಈ ವಿದ್ಯೆ ಗೊತ್ತಿಲ್ಲ ಅಂದ್ಕೋಬೇಡಿ. ಚೆನ್ನಾಗಿ ಗೊತ್ತಿದೆ. ನಿಮ್ಮ ಪರ್ಸಲ್ಲೇ ಸಾಕ್ಷಿ ಇದೆ.

ಹೊಸದೊಂದು 500ರ ನೋಟು ತಗೊಂಡು ಎಡ, ಬಲ ತುದಿಗಳ ಮೇಲೆ ಉಗುರು ಆಡಿಸಿ. ಐದು ಓರೆ ಗೆರೆ ಸಿಗುತ್ತೆ. ಬಲಗಡೆ ಉಬ್ಬಿದ ಒಂದು ವೃತ್ತ ಇದೆ. 100ರ ನೋಟಲ್ಲಿ ನಾಲ್ಕು ಗೆರೆ, ಒಂದು ತ್ರಿಕೋನ. 200ರಲ್ಲಿ ನಾಲ್ಕು ಗೆರೆ, ಗೆರೆಗಳ ನಡುವೆ ಎರಡು ಪುಟ್ಟ ವೃತ್ತ, ಜೊತೆಗೆ ಇಂಗ್ಲಿಷಿನ ಎಚ್ ಆಕಾರದ ಗುರುತು. ಇವು ಡಿಸೈನ್ ಅಲ್ಲ ಕಣ್ರೋ, ಕಣ್ಣು ಕಾಣದವರು ನೋಟು ಗುರುತಿಸಲಿ ಅಂತ ಉಬ್ಬು ಮುದ್ರಣದಲ್ಲಿ ಹಾಕಿದ ಚಿತ್ರಗಳು. ಉದ್ದವೂ ಬೇರೆ ಬೇರೆ: 142, 146, 150 ಮಿಲಿಮೀಟರ್.

ಇದರಲ್ಲೂ ಕೊರತೆ ಇದೆ. ನಾಲ್ಕು ಮಿಲಿಮೀಟರ್ ವ್ಯತ್ಯಾಸವನ್ನ ಬಸ್ ಕಂಡಕ್ಟರ್ ಅವಸರದಲ್ಲಿ ಅಳೆಯೋಕಾಗಲ್ಲ. ನೋಟು ಹಳತಾದಂತೆ ಉಬ್ಬು ಸವೆಯುತ್ತೆ. ಹಳೇ ಸರಣಿಯ 50ಕ್ಕೆ ಚೌಕ, 20ಕ್ಕೆ ನಿಂತ ಆಯತ ಇತ್ತು. ಹೊಸ ಸರಣಿಯ ಈ ಎರಡಕ್ಕೂ ಅಂಥ ಗುರುತಿಲ್ಲ. ಕ್ಯಾಮೆರಾ ಹಿಡಿದು ನೋಟು ಗುರುತಿಸೋ ಮಣಿ ಅನ್ನೋ ಆ್ಯಪನ್ನ ರಿಸರ್ವ್ ಬ್ಯಾಂಕ್ 2020ರ ಜನವರಿ 1ಕ್ಕೆ ಬಿಟ್ಟಿತು. ದಿನಾ ಕೈಗೆ ಬರೋ ಸಣ್ಣ ನೋಟಿನ ಗುರುತು ಮಾತ್ರ ಹೋದದ್ದು ಹೋದದ್ದೇ.

ಆದ್ರೂ ನೋಡಿ, ತತ್ವ ಒಪ್ಪಿದ್ದಾರೆ. ಅಚ್ಚಾದ ಚಿತ್ರ ಬೆರಳಿಗೆ ಗೊತ್ತಾಗಬೇಕು ಅನ್ನೋದನ್ನ ದುಡ್ಡಿನ ವಿಷಯದಲ್ಲಿ ಯಾರೂ ತಕರಾರು ಮಾಡಲ್ಲ. ದೇಶದ ನೋಟು ಅಚ್ಚಾಗೋ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಅದೇ ಮೈಸೂರಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯವೂ ಇದೆ. ನೋಟಿನ ತ್ರಿಕೋನವನ್ನ ಉಬ್ಬಿಸಿ ಕೋಟಿಗಟ್ಟಲೆ ಅಚ್ಚು ಹಾಕೋ ನಾಡಿಗೆ ಗಣಿತದ ತ್ರಿಕೋನವನ್ನ ಉಬ್ಬಿಸೋಕೆ ಆಗಲ್ಲ ಅಂದ್ರೆ ನಂಬೋರು ಯಾರು?

4/10

ಫೋಟೋದಲ್ಲಿ: ಮದುವೆ ಕಾರ್ಡಿನ ಮೇಲಿನ ಉಬ್ಬಿದ ಗಣಪತಿ, ತೀರಾ ಹತ್ತಿರದಿಂದ.

ನೋಟು ದೊಡ್ಡ ಮಾತಾಯ್ತು, ಬಿಡಿ. ಮನೇಲಿರೋ ಮದುವೆ ಕಾರ್ಡ್ ತಗೊಳ್ಳಿ. ಮೇಲೆ ಗಣಪತಿ ಉಬ್ಬಿ ನಿಂತಿರ್ತಾನೆ. ವಧು-ವರರ ಹೆಸರು ಮುಟ್ಟಿದ್ರೆ ಗೊತ್ತಾಗುತ್ತೆ. ಗಣಪತಿಯನ್ನ ಅಚ್ಚಿನ ಮಧ್ಯೆ ಒತ್ತಿ ಎತ್ತಿರ್ತಾರೆ. ಹೆಸರಿಗೆ ಹಸಿ ಇಂಕಿನ ಮೇಲೆ ಪುಡಿ ಉದುರಿಸಿ, ಬಿಸಿ ತೋರಿಸಿ, ಉಬ್ಬಿಸಿರ್ತಾರೆ.

ಇದಕ್ಕೆ ನಾವು ದಿಲ್ಲಿಗೆ ಹೋಗ್ತೀವಾ? ಹಾಸನದಲ್ಲೋ ಚನ್ನರಾಯಪಟ್ಟಣದಲ್ಲೋ ಪ್ರೆಸ್‌ಗೆ ಹೋಗಿ ಆರ್ಡರ್ ಕೊಡ್ತೀವಿ. ಒಂದು ದಿನ ಓದಿ ಬಿಸಾಕೋ ಕಾರ್ಡಿಗೆ ಉಬ್ಬು ಬೇಕು. ಚೆನ್ನಾಗಿ ಉಬ್ಬಿಲ್ಲ ಅಂದ್ರೆ ಅತ್ತೆ ಮನೆಯವರು ಏನಂತಾರೋ ಅನ್ನೋ ಚಿಂತೆ ಬೇರೆ. ಐದು ವರ್ಷ ಓದೋ ಮಗುವಿನ ಭೂಪಟಕ್ಕೆ ಮಾತ್ರ "ಅದೆಲ್ಲ ಸ್ಪೆಷಲ್ ಟೆಕ್ನಾಲಜಿ ಅಲ್ವಾ?" ಅಂತೀವಿ.

ನಮ್ಮ ಜಿಲ್ಲೆಗೆ ಈ ವಿದ್ಯೆ ಇನ್ನೂ ಹಳೇದು. ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನ ಸಿಕ್ಕಿದ್ದು ನಮ್ಮ ಬೇಲೂರು ತಾಲ್ಲೂಕಲ್ಲಿ. ಕಲ್ಲಲ್ಲಿ ಕೊರೆದ ಕನ್ನಡ ಅದು, ಬೆರಳು ಆಡಿಸಿದ್ರೆ ದಾರಿ ಸಿಗುತ್ತೆ. ಶಾಸನದ ಪ್ರತಿ ತೆಗೆಯೋರು ಏನು ಮಾಡ್ತಾರೆ ಗೊತ್ತಾ? ಒದ್ದೆ ಕಾಗದವನ್ನ ಕಲ್ಲಿಗೆ ಹಾಸಿ ಗಟ್ಟಿ ಬ್ರಷ್‌ನಲ್ಲಿ ಬಡೀತಾರೆ. ಕಾಗದ ಅಕ್ಷರದ ಹಳ್ಳಕ್ಕೆ ಇಳಿಯುತ್ತೆ. ಆಮೇಲೆ ಮಸಿ. ಆ ಮಸಿ ತಾಗೋಕೆ ಮುಂಚೆಯೇ ಕಾಗದದಲ್ಲಿ ಅಕ್ಷರ ಮೂಡಿರುತ್ತೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಶ್ರವಣಬೆಳಗೊಳ ಸಂಪುಟ 1889ರಲ್ಲಿ, ಹಾಸನ ಜಿಲ್ಲೆಯ ಸಂಪುಟ 1902ರಲ್ಲಿ ಬಂತು.

ಕಾಗದವನ್ನ ಉಬ್ಬಿಸೋದು ನಮಗೆ ಹೊಸ ವಿಷಯ ಅಲ್ಲ. ಯಾರಿಗಾಗಿ ಉಬ್ಬಿಸಬೇಕು ಅನ್ನೋದರಲ್ಲಿ ಮಾತ್ರ ನಮ್ಮ ಪಟ್ಟಿ ಚಿಕ್ಕದು.

5/10

ಫೋಟೋದಲ್ಲಿ: ರಟ್ಟಿನ ಮೇಲೆ ಎರಡು ದಾರ ಅಂಟಿಸಿ ಮಾಡಿದ ಬ್ರೇಕ್ ಈವನ್ ಚಾರ್ಟ್. ಒಂದು ದಪ್ಪ ಉಲ್ಲನ್, ಇನ್ನೊಂದು ತೆಳು ಟ್ವೈನ್. ಎರಡೂ ಸೇರೋ ಕಡೆ ಒಂದು ಗುಂಡಿ.

ನಮ್ಮ ಬಿಕಾಂ ಪಾಠಕ್ಕೇ ಬರೋಣ.

ಪಿಯುಸಿ ಅಡ್ಮಿಷನ್ ಟೈಮಲ್ಲಿ ಕಣ್ಣು ಕಾಣದವರಿಗೆ ಸಿಗೋ ಪುಕ್ಕಟೆ ಸಲಹೆ: "ಕಾಮರ್ಸಲ್ಲಿ ಗ್ರಾಫು, ಟೇಬಲ್ಲು ಇರುತ್ತಪ್ಪ, ಆರ್ಟ್ಸ್ ತಗೋ." ಆರ್ಟ್ಸ್ ಇಷ್ಟಪಟ್ಟು ತಗೊಂಡ್ರೆ ಸಂತೋಷ. ಗ್ರಾಫಿಗೆ ಹೆದರಿಸಿ ಕಳಿಸಿದ್ರೆ ಅದು ಆಯ್ಕೆ ಅಲ್ಲ.

ಒಂದು ಲೆಕ್ಕ. ಅರಕಲಗೂಡಿನಲ್ಲಿ ಆಲೂಗಡ್ಡೆ ಚಿಪ್ಸ್ ಮಾಡೋ ಒಂದು ಪುಟ್ಟ ಘಟಕ ಅಂದ್ಕೊಳ್ಳಿ. ಸ್ಥಿರ ವೆಚ್ಚ 20,000 ರೂಪಾಯಿ. ಒಂದು ಪ್ಯಾಕೆಟ್‌ಗೆ 30 ರೂಪಾಯಿ ಖರ್ಚು, ಮಾರೋದು 50ಕ್ಕೆ. ಪ್ಯಾಕೆಟ್‌ಗೆ 20 ಉಳೀತು. 1,000 ಪ್ಯಾಕೆಟ್ ಮಾರಿದಾಗ ನಷ್ಟವೂ ಇಲ್ಲ, ಲಾಭವೂ ಇಲ್ಲ. ಸೂತ್ರ ಬಾಯಲ್ಲಿ ಹೇಳಿಕೊಟ್ರೆ ಯಾರು ಬೇಕಾದ್ರೂ ಕಲೀತಾರೆ.

ಹಾಗಿದ್ರೆ ನಮಗೆ ಚಾರ್ಟ್ ಯಾಕೆ ಹಾಕ್ತಾರೆ? ಸೂತ್ರ ಹೇಳದೇ ಇರೋದನ್ನ ಅದು ತೋರಿಸುತ್ತೆ. ವೆಚ್ಚದ ಗೆರೆ 20,000ದಿಂದ ಹೊರಡುತ್ತೆ, ಮಾರಾಟದ ಗೆರೆ ಸೊನ್ನೆಯಿಂದ. ಎರಡನೇದು ಕಡಿದಾಗಿ ಏರುತ್ತೆ. ಶುರುವಲ್ಲಿ ದೊಡ್ಡದಿದ್ದ ಅಂತರ ಬರ್ತಾ ಬರ್ತಾ ಕಿರಿದಾಗಿ, 1,000 ಪ್ಯಾಕೆಟ್, 50,000 ರೂಪಾಯಿ ಹತ್ತಿರ ಮುಚ್ಚಿಹೋಗುತ್ತೆ. ಅಲ್ಲಿಂದ ಆಚೆ ಅಂತರ ತಿರುಗಿ ಬಿದ್ದು ಲಾಭ ಅಗಲ ಆಗುತ್ತೆ.

ಈ ಚಾರ್ಟನ್ನ ಎರಡು ದಾರದಲ್ಲಿ ಅಂಟಿಸಿ. ಒಂದೊಂದು ದಾರಕ್ಕೆ ಒಂದೊಂದು ಕೈಯ ಬೆರಳಿಟ್ಟು ಬಲಕ್ಕೆ ಸರಿಸಿ. ಎರಡು ಬೆರಳು ಹತ್ತಿರ ಬಂದು, ಗುಂಡಿಯ ಹತ್ತಿರ ಒಂದಕ್ಕೊಂದು ತಾಗಿ, ಮತ್ತೆ ದೂರ ಹೋಗುತ್ತೆ. ನಷ್ಟ ಕಮ್ಮಿ ಆಗೋದು ಕೈಗೇ ಗೊತ್ತಾಗುತ್ತೆ.

ಒಂದು ರಟ್ಟು, ಎರಡು ದಾರ, ಒಂದು ಗುಂಡಿ. ಇಷ್ಟಕ್ಕೋಸ್ಕರ ಒಬ್ಬರ ಕೋರ್ಸ್ ಬದಲಾಯಿಸೋದಾ?

6/10

ಫೋಟೋದಲ್ಲಿ: ಹಾಸನ ಜಿಲ್ಲೆಯ ಕೈಮಾಡಿದ ನಕ್ಷೆ. ಊರುಗಳಿಗೆ ಗುಂಡಿ, ಹೇಮಾವತಿಗೆ ಉಲ್ಲನ್ ದಾರ, ಸಕಲೇಶಪುರದ ಕಡೆ ಮರಳು ಕಾಗದ.

"ಚಿತ್ರ ಯಾಕೆ, ಬಾಯಲ್ಲಿ ವಿವರಿಸಿದ್ರೆ ಆಗಲ್ವಾ?" ಸುಮಾರು ವಿಷಯಕ್ಕೆ ಆಗುತ್ತೆ. ಎಲ್ಲದಕ್ಕೂ ಆಗಲ್ಲ. ನಮ್ಮ ಊರುಗಳಲ್ಲೇ ಪರೀಕ್ಷೆ ಮಾಡೋಣ.

ಹುಟ್ಟಿನಿಂದ ಕಣ್ಣು ಕಾಣದ ಒಬ್ಬರು ಹಾಸನ ಬಸ್ ಸ್ಟ್ಯಾಂಡಿಂದ ದಿನಾ ಓಡಾಡ್ತಾರೆ ಅಂದ್ಕೊಳ್ಳಿ. ಹೊಳೆನರಸೀಪುರಕ್ಕೆ ಒಂದು ಬಸ್, ಅರಕಲಗೂಡಿಗೆ ಇನ್ನೊಂದು, ಚನ್ನರಾಯಪಟ್ಟಣಕ್ಕೆ ಮತ್ತೊಂದು. ಯಾವ ಬಸ್ ಎಷ್ಟು ಹೊತ್ತು, ಎಲ್ಲಿ ಹಂಪ್ ಬರುತ್ತೆ, ಎಲ್ಲಿ ಕಾಫಿ ವಾಸನೆ ಬರುತ್ತೆ, ಎಲ್ಲ ನಮಗಿಂತ ಚೆನ್ನಾಗಿ ಗೊತ್ತಿರುತ್ತೆ. ಆದ್ರೆ ಅದು ಮೂರು ಬೇರೆ ಬೇರೆ ದಾರಿಗಳ ಜ್ಞಾನ. ಮೂರೂ ಹಾಸನದಿಂದ ಹೊರಡುತ್ತೆ, ಮೂರೂ ಎಲ್ಲೋ ಮುಗಿಯುತ್ತೆ.

ಈಗ ಆ ಕೈಯನ್ನ ನಕ್ಷೆ ಮೇಲಿಡಿ. ಹಾಸನದಿಂದ ದಕ್ಷಿಣಕ್ಕೆ ಅರಕಲಗೂಡು. ಆಗ್ನೇಯದ ಕಡೆಗೆ ಹೊಳೆನರಸೀಪುರ. ಪೂರ್ವದ ಕಡೆ ಚನ್ನರಾಯಪಟ್ಟಣ. ಅರಕಲಗೂಡು ಮತ್ತು ಹೊಳೆನರಸೀಪುರ ಹೆಚ್ಚುಕಮ್ಮಿ ಒಂದೇ ಅಡ್ಡಗೆರೆಯಲ್ಲಿವೆ, ಅಕ್ಕಪಕ್ಕದ ಊರುಗಳು. ಹಾಸನ ಸೇರಿ ಅದೊಂದು ತ್ರಿಕೋನ. ಬಸ್ಸಲ್ಲಿ ಎರಡೇ ಬದಿ ಸಿಗುತ್ತೆ, ಮೂರನೇ ಬದಿ ಸಿಗೋದು ನಕ್ಷೆಯಲ್ಲಿ.

ಹೇಮಾವತಿಯ ದಾರ ಹಿಡ್ಕೊಂಡು ಹೋಗಿ. ಮೂಡಿಗೆರೆ ಕಡೆಯಿಂದ ಇಳಿದು, ಸಕಲೇಶಪುರ ದಾಟಿ, ಗೊರೂರಲ್ಲಿ ಅಣೆಕಟ್ಟಿಗೆ ತಾಗಿ, ಹೊಳೆನರಸೀಪುರದ ಪಕ್ಕ ಹರಿದು, ಕನ್ನಂಬಾಡಿ ಕಟ್ಟೆಯ ಹಿನ್ನೀರಲ್ಲಿ ಕಾವೇರಿಗೆ ಸೇರುತ್ತೆ. ನದಿ ಯಾವ ಊರನ್ನ ಬಳಸಿ ಹೋಗುತ್ತೆ, ಯಾವುದನ್ನ ದೂರ ಬಿಡುತ್ತೆ ಅನ್ನೋದನ್ನ ನೂರು ವಾಕ್ಯದಲ್ಲಿ ಹೇಳಿದ್ರೂ ತಲೇಲಿ ನಿಲ್ಲಲ್ಲ. ಬೆರಳು ಒಂದು ಸಲ ನಡೆದ್ರೆ ನಿಲ್ಲುತ್ತೆ.

ಈ ನಕ್ಷೆಯ ಬದಲು ನಾವು ಕೊಡ್ತಿರೋದು ಒಂದು ಬದಲಿ ಪ್ರಶ್ನೆ.

7/10

ಫೋಟೋದಲ್ಲಿ: ಶ್ರವಣಬೆಳಗೊಳದ ಅಂಗಡಿಯಲ್ಲಿ ಸಿಗೋ ಗೇಣುದ್ದದ ಗೊಮ್ಮಟನ ಮೂರ್ತಿ, ಅಂಗೈ ಮೇಲೆ.

"ಹುಟ್ಟು ಕುರುಡರಿಗೆ ಚಿತ್ರ ಅರ್ಥ ಆಗಲ್ಲ" ಅನ್ನೋರಿಗೆ ಒಂದು ಗಾದೆ ತುಂಬ ಇಷ್ಟ. ಕುರುಡರು ಆನೆ ಮುಟ್ಟಿದ ಹಾಗೆ. ಒಬ್ಬ ಕಾಲು ಮುಟ್ಟಿ ಕಂಬ ಅಂದ, ಒಬ್ಬ ಕಿವಿ ಮುಟ್ಟಿ ಮೊರ ಅಂದ, ಒಬ್ಬ ಬಾಲ ಮುಟ್ಟಿ ಹಗ್ಗ ಅಂದ. ಎಲ್ರೂ ನಕ್ಕರು.

ನನಗೆ ಆ ಕತೆಯಲ್ಲಿ ನಗು ಬರೋದು ಕಣ್ಣಿದ್ದವರ ಮೇಲೆ. ಸುತ್ತ ನಿಂತಿದ್ದ ಒಬ್ಬನಿಗೂ ಒಂದು ಉಂಡೆ ಜೇಡಿಮಣ್ಣು ತಗೊಂಡು ಗೇಣುದ್ದದ ಆನೆ ಮಾಡಿಕೊಡೋಣ ಅನಿಸಲಿಲ್ವಾ? ಎರಡು ಅಂಗೈ ಒಳಗೆ ಇಡೀ ಆನೆ ಬಂದಿರೋದು. ಕಂಬ, ಮೊರ, ಹಗ್ಗ ಎಲ್ಲ ಒಂದೇ ಮೈಗೆ ಸೇರ್ಕೊಂಡಿವೆ ಅಂತ ಆರು ಜನಕ್ಕೂ ಗೊತ್ತಾಗಿರೋದು. ತೊಂದರೆ ಇದ್ದಿದ್ದು ಬೆರಳಲ್ಲಿ ಅಲ್ಲ, ಆನೆಯ ಸೈಜಲ್ಲಿ.

ನಮ್ಮ ಚನ್ನರಾಯಪಟ್ಟಣ ತಾಲ್ಲೂಕಲ್ಲೇ ಇಂಥ ಆನೆ ನಿಂತಿದೆ. ಶ್ರವಣಬೆಳಗೊಳದ ಗೊಮ್ಮಟ, ಕ್ರಿ.ಶ. 981ರ ಸುಮಾರಿನದು, ಎತ್ತರ ಸುಮಾರು 58 ಅಡಿ. ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಬಂದ ಕಣ್ಣು ಕಾಣದವರಿಗೆ ಪಾದ ಮುಟ್ಟೋಕೆ ಬಿಟ್ರೂ ಸಿಗೋದು ಪಾದವಷ್ಟೇ. ಭುಜ, ತೋಳಿಗೆ ಸುತ್ತಿದ ಬಳ್ಳಿ, ಆ ಮುಖ, ಯಾವುದೂ ಇಲ್ಲ. ಕೆಳಗೆ ಅಂಗಡಿಯಲ್ಲಿ ಸಿಗೋ ಪುಟ್ಟ ಮೂರ್ತಿಯನ್ನ ಕೈಗೆ ಕೊಡಿ, ಬಳ್ಳಿ ಎಲ್ಲಿಂದ ಎಲ್ಲಿಗೆ ಹತ್ತಿದೆ ಅಂತ ಅವರೇ ಹೇಳ್ತಾರೆ.

ಬೇಲೂರು, ಹಳೇಬೀಡು 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗ ಸ್ಟೇಟಸ್ ಹಾಕಿದ್ವಲ್ಲ. ಅಲ್ಲಿನ ಶಿಲ್ಪಗಳನ್ನ ಎಲ್ರೂ ಮುಟ್ಟಿದ್ರೆ ಸವೆಯುತ್ತೆ, ಮುಟ್ಟಬೇಡಿ ಅನ್ನೋದು ಸರಿಯೇ. ಹಾಗಿದ್ರೆ ಆ ನಕ್ಷತ್ರದ ಆಕಾರದ ಜಗತಿಯ ಉಬ್ಬು ನಕ್ಷೆ ಬಾಗಿಲ ಹತ್ತಿರ ಇರಬೇಕು. ಮುಂದಿನ ಸಲ ಹೋದಾಗ ಹುಡುಕಿ ನೋಡಿ, ಸಿಕ್ಕಿದ್ರೆ ನನ್ನನ್ನ ಟ್ಯಾಗ್ ಮಾಡಿ.

8/10

ಫೋಟೋದಲ್ಲಿ: ಖಾಲಿ ರಟ್ಟು. ಮೇಲೆ ಮಾರ್ಕರ್‌ನಲ್ಲಿ "ಆದ್ರೆ?" ಅಂತ ಬರೆದಿದೆ.

ಡಿಎಂಗೆ ಬರೋಕೆ ಮುಂಚೆ ನಾನೇ ಉತ್ತರ ಕೊಟ್ಬಿಡ್ತೀನಿ.

"ಇಡೀ ತಾಲ್ಲೂಕಿಗೆ ಎಷ್ಟು ಜನ ಇದ್ದಾರೆ?" ಈ ಪ್ರಶ್ನೆ ಹಾಸನಾಂಬೆ ಬಾಗಿಲ ಹಾಗೆ, ವರ್ಷಕ್ಕೊಮ್ಮೆ ತೆಗೆಯುತ್ತೆ. ಡಿಸೆಂಬರ್ 3ಕ್ಕೆ ಅಂಗವಿಕಲರ ದಿನಾಚರಣೆ, ಶಾಲು, ಹಾರ, ಫೋಟೋ, ಆಮೇಲೆ ಬೀಗ. ಜನ ಕಮ್ಮಿ ಇದ್ರೆ ಕೆಲಸ ಸುಲಭ ಆಯ್ತು ಅಂತ ಅರ್ಥ. ಹತ್ತು ಮಕ್ಕಳಿಗೆ ಹತ್ತು ಪ್ರತಿ ಸಾಕು.

"ಫೋನಲ್ಲಿ ಎಐ ಇದೆ, ಫೋಟೋ ತೋರಿಸಿದ್ರೆ ವಿವರಿಸುತ್ತೆ." ಒಳ್ಳೇದೇ, ಬಳಸಲಿ. ಟಾಕ್‌ಬ್ಯಾಕ್ ಬಂದಮೇಲೆ ಎಷ್ಟೋ ಜನ ತಮ್ಮ ಮೆಸೇಜ್ ತಾವೇ ಓದ್ತಿದ್ದಾರೆ. ಆದ್ರೆ ವಿವರಣೆ ಅಂದ್ರೆ ಬೇರೆಯವರು ನೋಡಿದ್ದನ್ನ ನಾವು ಕೇಳೋದು. ಸಿನಿಮಾ ಕತೆ ಕೇಳಿ ಸಿನಿಮಾ ನೋಡಿದೆ ಅಂತೀವಾ? ಗೆರೆ ಎಲ್ಲಿ ಬಾಗಿದೆ ಅಂತ ತಾವೇ ಹುಡುಕಿದಾಗಲೇ ಅದು ಓದು.

"ಅವರಿಗೆ ಸಂಗೀತ ಚೆನ್ನಾಗಿ ಬರುತ್ತೆ." ಗದುಗಿನ ವೀರೇಶ್ವರ ಪುಣ್ಯಾಶ್ರಮ, ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ನಾಡಿಗೆ ಕೊಟ್ಟದ್ದಕ್ಕೆ ಕೈ ಮುಗಿಯಲೇಬೇಕು. ಬೇರೆ ಬಾಗಿಲೆಲ್ಲ ಹಾಕಿದ್ದ ಕಾಲದಲ್ಲಿ ಅವರು ಒಂದು ಬಾಗಿಲು ತೆಗೆದ್ರು. ಅದನ್ನೇ ತೋರಿಸಿ ಉಳಿದ ಬಾಗಿಲು ಮುಚ್ಚಿಡೋದು ಅವರಿಗೆ ಮಾಡೋ ಗೌರವ ಅಲ್ಲ. ಸ್ವರವೇ ಬರದ, ಲೆಕ್ಕ ಚೆನ್ನಾಗಿ ಬರೋ ಹುಡುಗ ಎಲ್ಲಿಗೆ ಹೋಗಬೇಕು?

"ನಮ್ಮ ದೇಶದಲ್ಲಿ ಇದೆಲ್ಲ ಯಾರು ಮಾಡ್ತಾರೆ?" ಮಾಡ್ತಿದ್ದಾರೆ. ದಿಲ್ಲಿ ಐಐಟಿಯ ಅಸಿಸ್ಟೆಕ್ ಲ್ಯಾಬ್ ಮತ್ತು ಅಲ್ಲಿಂದಲೇ ಹುಟ್ಟಿದ ರೈಸ್ಡ್ ಲೈನ್ಸ್ ಫೌಂಡೇಶನ್ ಶಾಲಾ ಪುಸ್ತಕಗಳ ಚಿತ್ರಗಳನ್ನ ಮುಟ್ಟಿ ಓದುವ ಹಾಗೆ ಮಾಡಿ ಅಚ್ಚು ಹಾಕಿವೆ. ದಾರಿ ಹುಡುಕೋ ಕೆಲಸ ಮುಗಿದಿದೆ. ಆ ದಾರಿಯಲ್ಲಿ ಬಸ್ ಬಿಡೋ ಕೆಲಸ ಬಾಕಿ.

9/10

ಫೋಟೋದಲ್ಲಿ: ನೋಟ್‌ಬುಕ್ಕಿನ ಒಂದು ಪುಟ. ಮೂರು ಇಸವಿ ಮಾತ್ರ ಬರೆದಿದೆ: 2012, 2016, 2025.

ದಾನ ಕೇಳ್ತಿಲ್ಲ, ಕಾನೂನು ಹೇಳ್ತಿದ್ದೀನಿ.

2012ರಲ್ಲಿ ನಮ್ಮ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂತು. ಅಂಗವಿಕಲರಿಗೆ ಓದೋಕೆ ಆಗುವ ರೂಪಕ್ಕೆ ಪುಸ್ತಕವನ್ನ ಬದಲಾಯಿಸಿದ್ರೆ, ಅದರಲ್ಲಿ ಲಾಭ ಮಾಡದಿದ್ರೆ, ಅದು ಕಳ್ಳತನ ಅಲ್ಲ ಅಂತ. ಮರುವರ್ಷ ಇದಕ್ಕಾಗಿಯೇ ಮರಾಕೇಶ್ ಒಪ್ಪಂದ ಆಯ್ತು. 2014ರಲ್ಲಿ ಅದನ್ನ ಅಂಗೀಕರಿಸಿದ ಮೊದಲ ದೇಶ ಭಾರತ. ಹಾಗಾಗಿ "ಪಬ್ಲಿಷರ್ ಪರ್ಮಿಷನ್ ಬೇಕು" ಅನ್ನೋ ನೆಪ ಔಟ್.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದರ 32ನೇ ಸೆಕ್ಷನ್ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು ಅಂಗವಿಕಲರಿಗೆ. 34ನೇ ಸೆಕ್ಷನ್ ಪ್ರಕಾರ ಸರ್ಕಾರಿ ಕೆಲಸದಲ್ಲಿ ಕನಿಷ್ಠ ಶೇ 4. ಅದರಲ್ಲಿ ಶೇ 1 ಅಂಧರು ಮತ್ತು ಮಂದದೃಷ್ಟಿಯವರಿಗೆ. 17ನೇ ಸೆಕ್ಷನ್ ಪುಸ್ತಕ, ಕಲಿಕಾ ಸಾಮಗ್ರಿ, ಸಾಧನ ಉಚಿತವಾಗಿ ಕೊಡಬೇಕು ಅನ್ನುತ್ತೆ. ಎಷ್ಟು ವಯಸ್ಸಿನವರೆಗೆ? 18.

ಈಗ ಲೆಕ್ಕ ಹಾಕಿ. ಹೆಚ್ಚಿನವರು ಬಿಕಾಂ ಸೇರೋದೇ 18ಕ್ಕೆ. ಸೀಟು ಕೊಟ್ಟೆ ಅನ್ನೋ ಕಾನೂನು ಸೀಟಲ್ಲಿ ಕೂತವರಿಗೆ ಉಚಿತ ಪುಸ್ತಕದ ಖಾತ್ರಿಯನ್ನ ಅದೇ ವಯಸ್ಸಿಗೆ ನಿಲ್ಲಿಸುತ್ತೆ. ಪ್ರತಿ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಅನುಕೂಲ ಶಿಕ್ಷಣ ಸಂಸ್ಥೆಗಳಲ್ಲಿ ಸಿಗಬೇಕು ಅಂತ 16ನೇ ಸೆಕ್ಷನ್ ಹೇಳುತ್ತೆ, ಅದಕ್ಕೆ ವಯಸ್ಸಿನ ಮಿತಿ ಇಲ್ಲ. ಕಾಲೇಜುಗಳನ್ನ ಕೇಳಬೇಕಾಗಿರೋದು ಈ ಸೆಕ್ಷನ್ ಹಿಡ್ಕೊಂಡು.

2025ರ ಮಾರ್ಚ್ 3ರಂದು ಸುಪ್ರೀಂ ಕೋರ್ಟ್ ದೃಷ್ಟಿ ಇಲ್ಲ ಅನ್ನೋ ಕಾರಣಕ್ಕೆ ಯಾರನ್ನೂ ನ್ಯಾಯಾಂಗ ಸೇವೆಯಿಂದ ಹೊರಗಿಡೋ ಹಾಗಿಲ್ಲ ಅಂತ ತೀರ್ಪು ಕೊಡ್ತು. ನ್ಯಾಯಾಧೀಶರ ಕುರ್ಚಿಗೆ ಅಡ್ಡಿ ಇಲ್ಲ. ಬ್ರೇಕ್ ಈವನ್ ಚಾರ್ಟಿಗೆ ಅಡ್ಡಿ!

ಒಂದು ಸ್ಪಷ್ಟನೆ. ಬದಲಿ ಪ್ರಶ್ನೆಯನ್ನ ನಾಳೆನೇ ತೆಗೀರಿ ಅಂತಿಲ್ಲ. ನಕ್ಷೆಯನ್ನೇ ಕೊಡದೆ ಅದನ್ನ ತೆಗೆದ್ರೆ ಇನ್ನೂ ದೊಡ್ಡ ಅನ್ಯಾಯ. ಒಂದನೇ ಕ್ಲಾಸಿಂದ ಉಬ್ಬು ಚಿತ್ರ ಕೊಡಿ, ಪರೀಕ್ಷೆಯಲ್ಲಿ ಎರಡನ್ನೂ ಇಡಿ, ಯಾವುದು ಬರೀಬೇಕು ಅನ್ನೋದನ್ನ ವಿದ್ಯಾರ್ಥಿ ತೀರ್ಮಾನಿಸಲಿ.

10/10

ಫೋಟೋದಲ್ಲಿ: ಮೇಜಿನ ಮೇಲೆ ಮೆಹೆಂದಿ ಕೋನ್, ಫೆವಿಕಾಲ್ ಡಬ್ಬಿ, ಉಲ್ಲನ್ ಉಂಡೆ, ಟೈಲರ್ ಬಳಸೋ ಹಲ್ಲಿನ ಚಕ್ರ, ರಬ್ಬರ್ ಮ್ಯಾಟ್.

ಸರ್ಕಾರವನ್ನ ಕೇಳೋಣ. ಕೇಳ್ತಾ ಇರೋವಾಗ ಕೈ ಕಟ್ಕೊಂಡು ಕೂರೋದು ಬೇಡ. ಮಾಡೋ ಕ್ರಮ ಹೀಗೆ:

ಖಾಲಿ ಮೆಹೆಂದಿ ಕೋನ್‌ಗೆ ಫೆವಿಕಾಲ್ ತುಂಬಿ, ದಪ್ಪ ಹಾಳೆ ಮೇಲೆ ರಂಗೋಲಿ ಎಳೆ ಎಳೆದ ಹಾಗೆ ಗೆರೆ ಎಳೀರಿ. ರಾತ್ರಿ ಪೂರ್ತಿ ಒಣಗಲಿ. ಗೆರೆ ಗಟ್ಟಿಯಾಗಿ ನಿಲ್ಲುತ್ತೆ.

ಚುಕ್ಕೆ ಗೆರೆ ಬೇಕಾದ್ರೆ ಹಾಳೆಯನ್ನ ರಬ್ಬರ್ ಮ್ಯಾಟ್ ಮೇಲೆ ಮಗುಚಿ ಹಾಕಿ, ಹಿಂಬದಿಯಿಂದ ಟೈಲರ್ ಚಕ್ರ ಒತ್ತಿ ಓಡಿಸಿ. ಹಿಂದಿನಿಂದ ಒತ್ತೋದ್ರಿಂದ ಚಿತ್ರವನ್ನ ಕನ್ನಡಿಯಲ್ಲಿ ಕಂಡ ಹಾಗೆ ಎಡ-ಬಲ ತಿರುಗಿಸಿ ಬರ್ಕೋಬೇಕು. ಇಲ್ಲಾಂದ್ರೆ ಚನ್ನರಾಯಪಟ್ಟಣ ಹಾಸನದ ಪಶ್ಚಿಮಕ್ಕೆ ಹೋಗಿ ಕೂರುತ್ತೆ.

ಒಂದು ಹಾಳೆಗೆ ಒಂದೇ ವಿಷಯ. ನದಿ, ರಸ್ತೆ, ಗಡಿ, ಮಳೆ ಎಲ್ಲ ಒಂದೇ ನಕ್ಷೆಗೆ ತುರುಕಬೇಡಿ. ಎರಡು ಗೆರೆಗೆ ಎರಡು ತರಹದ ದಾರ. ಮೂಲೆಯಲ್ಲಿ ಒಂದು ಗುರುತು ಮಾಡಿ, ಹಾಳೆಯ ಮೇಲ್ಭಾಗ ಯಾವುದು ಅಂತ ಗೊತ್ತಾಗಲಿ. ಬ್ರೈಲ್ ಅಕ್ಷರವನ್ನ ಚಿಕ್ಕದು ಮಾಡೋಕೆ ಬರಲ್ಲ, ಅದಕ್ಕೆ ಜಾಗ ಬಿಡಿ. ಬ್ರೈಲ್ ಬಲ್ಲವರು ಸಿಗೋವರೆಗೆ ಚಿತ್ರದ ಜೊತೆ ಒಂದು ವಾಯ್ಸ್ ನೋಟ್ ಕೊಡಿ: ಎಡಗಡೆ ಕೆಳಮೂಲೆಯಿಂದ ಶುರು ಮಾಡಿ, ದಪ್ಪ ದಾರ ವೆಚ್ಚ, ತೆಳು ದಾರ ಮಾರಾಟ, ಹೀಗೆ.

ನೀವು ಕಣ್ಣು ಮುಚ್ಕೊಂಡು ಮುಟ್ಟಿ ನೋಡಿ "ಸೂಪರ್ ಆಗಿದೆ" ಅನ್ನೋದು ಟೆಸ್ಟ್ ಅಲ್ಲ. ನಿಮಗೆ ಚಿತ್ರ ಮೊದಲೇ ಗೊತ್ತಿರುತ್ತೆ. ಬೆರಳಲ್ಲಿ ಓದೋ ಒಬ್ಬರ ಕೈಗೆ ಕೊಡಿ, ಅವರು ಬೇಡ ಅಂದ ಗೆರೆ ಕಿತ್ತಾಕಿ. ಅವರ ಸಮಯಕ್ಕೆ ದುಡ್ಡು ಕೊಡಿ, ಅದು ಕೆಲಸ.

ಕಾಲೇಜಿಗೆ ಕೇಳಬೇಕಾದ್ದು ಎರಡು. ಎನ್‌ಎಸ್‌ಎಸ್‌ನ ಒಂದು ದಿನ ಗೋಡೆಗೆ ಸುಣ್ಣ ಬಳಿಯೋ ಬದಲು ಈ ಕೆಲಸಕ್ಕೆ ಕೊಡಿ. ಮಾಡಿದ ಚಿತ್ರಗಳಿಗೆ ಲೈಬ್ರರಿಯಲ್ಲಿ ಒಂದು ಕಪಾಟು ಕೊಡಿ, ಮುಂದಿನ ಬ್ಯಾಚಿಗೂ ಸಿಗಲಿ. ನಮ್ಮ ಕ್ಲಾಸಲ್ಲಿ ಒಬ್ಬೊಬ್ಬರು ಒಂದೊಂದು ಚಾರ್ಟ್ ಮಾಡಿದ್ರೆ ಒಂದು ಸೆಮಿಸ್ಟರಿನ ಸಿಲಬಸ್ಸೇ ಮುಗಿಯುತ್ತೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾವ ಕಾಲೇಜಲ್ಲಾದ್ರೂ ಸರಿ, ನಿಮ್ಮ ಜೊತೆ ಕಣ್ಣು ಕಾಣದ ಒಬ್ರು ಓದ್ತಿದ್ರೆ ನಾಳೆನೇ ಕೇಳಿ: "ನಿಮ್ಮ ಸಿಲಬಸ್ಸಲ್ಲಿ ಯಾವ ಚಿತ್ರ ಮೊದಲು ಬೇಕು?" ಏನು ಬೇಕು ಅಂತ ನಾವೇ ಊಹೆ ಮಾಡೋದು ಬೇಡ. ಅವರು ಒಪ್ಪಿದ್ರೆ ಆ ಚಿತ್ರದ ಹೆಸರನ್ನ ಮಾತ್ರ ಕೆಳಗೆ ಕಾಮೆಂಟ್ ಮಾಡಿ, ಅವರ ಹೆಸರು ಬೇಡ. ಈ ಭಾನುವಾರ ಅಂಟು, ದಾರ ನಾನು ತರ್ತೀನಿ.

#ಚಿತ್ರಕೊಡಿ #ಮುಟ್ಟಿಓದೋಣ #ಹಾಸನ